ಊರಿನ ಅವ್ಯವಹಾರ ಕಣ್ಣಿಗೆ ಬಿದ್ದಿದೆ, ಎಲ್ಲಿ ಬರೆಯಬೇಕು? ಪತ್ರಿಕೆ, ಬ್ಲಾಗ್, ಯೂಟ್ಯೂಬ್, ಹೊರಗಿನ ತಾಣಗಳ ಹೋಲಿಕೆ

ಕುಡಿಯುವ ನೀರಿನ ಕಾಮಗಾರಿಗೆ ಬಿಲ್ ಪೂರ್ತಿ ಆಗಿದೆ, ನಳ್ಳಿಯಲ್ಲಿ ನೀರು ಮಾತ್ರ ಬರುತ್ತಿಲ್ಲ. ಕಡತದ ಜೆರಾಕ್ಸ್ ಕೈಯಲ್ಲಿದೆ. ಇದನ್ನು ಪತ್ರಿಕೆಯವರಿಗೆ ಕೊಡಬೇಕಾ, ನಾನೇ ಬ್ಲಾಗ್ ಮಾಡಿ ಹಾಕಬೇಕಾ, ಇಲ್ಲ ಮೊಬೈಲ್ ಹಿಡಿದು ವಿಡಿಯೊ ಮಾಡಬೇಕಾ? ಕಾರ್ಕಳ ಕಡೆಯ ಓದುಗರೊಬ್ಬರು ಹೀಗೆ ಕೇಳಿದ್ದಾರೆ. ಕೊಣಾಜೆಯಲ್ಲಿ ಪತ್ರಿಕೋದ್ಯಮ ಓದುತ್ತಿರುವ ಹುಡುಗಿಯೊಬ್ಬಳಿಗೂ ಇದೇ ಗೊಂದಲ, ಅವಳಿಗೆ ಫಲ್ಗುಣಿ ಹೊಳೆಯ ಮರಳಿನ ಬಗ್ಗೆ ಬರೆಯಬೇಕು. ಕುಂದಾಪುರದ ನಿವೃತ್ತ ಮಾಷ್ಟ್ರೊಬ್ಬರ ಆಸೆ ಬೇರೆ. ಅವರಿಗೆ ಒಂದು ಸುದ್ದಿ ಬರೆದು ಮುಗಿಸುವುದು ಬೇಡ, ತಮ್ಮ ಗ್ರಾಮದ ಬಗ್ಗೆ ವರ್ಷಗಟ್ಟಲೆ ಬರೆಯಬೇಕು.

ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ. ಆದರೆ ಮೂವರೂ ಮೊದಲು ಕೇಳಿದ್ದು "ಎಲ್ಲಿ ಹಾಕಿದರೆ ಜಾಸ್ತಿ ಜನ ನೋಡುತ್ತಾರೆ" ಅಂತ. ನನ್ನ ಪ್ರಕಾರ ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕಿಂತ ಮೊದಲು ನೋಡಬೇಕಾದ ಕೆಲವು ವಿಷಯಗಳಿವೆ.

ಏನನ್ನು ನೋಡಿ ತೀರ್ಮಾನಿಸಬೇಕು

ಎಲ್ಲಕ್ಕಿಂತ ಮೊದಲು ನಿಮಗೆ ಮಾಹಿತಿ ಕೊಟ್ಟವರು. ಸುದ್ದಿ ಹೊರಗೆ ಬಂದ ಮೇಲೆ ಅವರ ಗತಿ ಏನು? ಊರು ಸಣ್ಣದು. ಪಂಚಾಯತ್ ಕಚೇರಿಯಲ್ಲಿ ಕೆಲಸ ಮಾಡುವವರು ಕೆಲವೇ ಜನ. ಆ ಕಡತ ಯಾರ ಮೇಜಿನ ಮೇಲಿತ್ತು ಅನ್ನುವುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ಜೆರಾಕ್ಸಿನ ಮೂಲೆಯಲ್ಲಿ ಪೆನ್ನಿನಿಂದ ಬರೆದ ಟಿಪ್ಪಣಿ, ಫೋಟೋ ಫೈಲಿನೊಳಗೆ ಉಳಿದ ಲೊಕೇಶನ್ ವಿವರ, ಇಷ್ಟು ಸಾಕು ಒಬ್ಬರ ಕೆಲಸ ಹೋಗಲು. ಮೂಲವನ್ನು ಗುಟ್ಟಾಗಿಡುವ ಹಕ್ಕು ನಮ್ಮಲ್ಲಿ ಪತ್ರಕರ್ತರಿಗೂ ಪೂರ್ತಿ ಇಲ್ಲ. 1978ರ ಪ್ರೆಸ್ ಕೌನ್ಸಿಲ್ ಕಾಯ್ದೆಯ ಪ್ರಕಾರ ಕೌನ್ಸಿಲಿನ (ಪತ್ರಿಕೆಗಳ ಮೇಲಿನ ದೂರು ಕೇಳುವ ಸಂಸ್ಥೆ) ಮುಂದೆ ಮೂಲ ಯಾರು ಅಂತ ಹೇಳಬೇಕಾಗಿಲ್ಲ. ನ್ಯಾಯಾಲಯ ಕೇಳಿದರೆ ಆ ರಕ್ಷಣೆ ಸಿಗುವುದಿಲ್ಲ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಕೈಗೆ ಬಂದ ಜೆರಾಕ್ಸನ್ನು ದಾರಿ ತೋರಿಸುವ ಗುರುತಾಗಿ ಮಾತ್ರ ಇಟ್ಟುಕೊಳ್ಳಿ, ಪ್ರಕಟಿಸಲು ಅದೇ ದಾಖಲೆಯನ್ನು ಮಾಹಿತಿ ಹಕ್ಕಿನಲ್ಲಿ (ಆರ್‌ಟಿಐ) ಪಡೆಯಿರಿ. ಅರ್ಜಿ ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಇನ್ನೊಂದು 30 ದಿನದೊಳಗೆ ಮೊದಲ ಮೇಲ್ಮನವಿ. ಯಾಕೆ ಬೇಕು ಅಂತ ಕಾರಣ ಕೊಡಬೇಕಾಗಿಲ್ಲ. ಏನು ಕೇಳಬೇಕು ಅನ್ನುವುದೇ ಮುಖ್ಯ: ಎಸ್ಟಿಮೇಟ್, ಕಾರ್ಯಾದೇಶ, ಅಳತೆ ಪುಸ್ತಕ (ಎಂ.ಬಿ. ಅಂತಾರಲ್ಲ, ಆದ ಕೆಲಸವನ್ನು ಅಳೆದು ಬರೆದಿಡುವ ಪುಸ್ತಕ), ಬಿಲ್, ಕಾಮಗಾರಿ ಮುಗಿದ ಪ್ರಮಾಣಪತ್ರ. ಮಾಹಿತಿ ಹಕ್ಕು ಕಾಯ್ದೆಯ 2(ಜೆ) ಪ್ರಕಾರ ಕಾಮಗಾರಿಯನ್ನೇ ಹೋಗಿ ಪರಿಶೀಲಿಸುವ, ಬಳಸಿದ ಸಾಮಗ್ರಿಯ ಮಾದರಿ ತೆಗೆದುಕೊಳ್ಳುವ ಹಕ್ಕೂ ಇದೆ. ತುಂಬ ಜನ ಇದನ್ನು ಬಳಸುವುದೇ ಇಲ್ಲ.

ಒಂದು ಎಚ್ಚರಿಕೆ ಹೇಳಲೇಬೇಕು. ಅರ್ಜಿ ಹಾಕಿದವರ ಹೆಸರು, ವಿಳಾಸ ಕಚೇರಿಗೆ ಗೊತ್ತಾಗುತ್ತದೆ. 2016ರ ಮಾರ್ಚ್‌ನಲ್ಲಿ ಮಂಗಳೂರಿನಲ್ಲೇ ಆರ್‌ಟಿಐ ಕಾರ್ಯಕರ್ತ ವಿನಾಯಕ ಬಾಳಿಗಾ ಅವರ ಕೊಲೆಯಾಯಿತು. ದೊಡ್ಡ ಹಣದ ವಿಷಯವಾದರೆ ಒಬ್ಬರೇ ಅರ್ಜಿ ಹಾಕುತ್ತಾ ಕೂರಬೇಡಿ. ನಾಲ್ಕೈದು ಜನ ಬೇರೆ ಬೇರೆ ಊರಿನಿಂದ ಹಾಕಿ, ನೀವು ಏನು ಹುಡುಕುತ್ತಿದ್ದೀರಿ ಅನ್ನುವುದು ಮನೆಯವರಲ್ಲದೆ ಇನ್ನೂ ಒಬ್ಬರಿಗೆ ಗೊತ್ತಿರಲಿ.

ಎರಡನೆಯದು, ವಕೀಲರ ನೋಟಿಸ್ ಬಂದರೆ ನಿಮ್ಮ ಜೊತೆ ನಿಲ್ಲುವವರು ಯಾರು? ಮಾನನಷ್ಟ ನಮ್ಮಲ್ಲಿ ಸಿವಿಲ್ ಕೇಸೂ ಹೌದು, ಕ್ರಿಮಿನಲ್ ಕೇಸೂ ಹೌದು. 2016ರಲ್ಲಿ ಸುಪ್ರೀಂ ಕೋರ್ಟ್ ಕ್ರಿಮಿನಲ್ ಮಾನನಷ್ಟವನ್ನು ಎತ್ತಿಹಿಡಿಯಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, 2 ವರ್ಷದವರೆಗೆ ಶಿಕ್ಷೆ ಆಗಬಹುದು. "ನಾನು ಬರೆದದ್ದು ನಿಜ" ಅಂದರೆ ಕ್ರಿಮಿನಲ್ ಕೇಸಿನಲ್ಲಿ ಸಾಲದು, ಅದನ್ನು ಹೇಳಿದ್ದು ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕು. ಸಾರ್ವಜನಿಕ ದಾಖಲೆಗಳನ್ನು ಆಧರಿಸಿ ಬರೆದರೆ ನೆಲೆ ಗಟ್ಟಿ. 1994ರ ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಈ ಮಾತು ಇವತ್ತಿಗೂ ಬರೆಯುವವರಿಗೆ ದೊಡ್ಡ ಆಸರೆ. ಆದರೆ ಕೇಸು ಗೆಲ್ಲುವುದು ಒಂದು, ಐದು ವರ್ಷ ಕೋರ್ಟಿಗೆ ಅಲೆಯುವುದು ಇನ್ನೊಂದು. ಹೆಚ್ಚಿನವರು ಬರೆಯುವುದನ್ನು ಬಿಡುವುದು ಈ ಅಲೆದಾಟಕ್ಕೆ ಹೆದರಿ.

ಮೂರನೆಯದು, ಪ್ರಕಟವಾಗುವ ಮೊದಲು ನಿಮ್ಮ ಬರಹವನ್ನು ಅನುಮಾನದಿಂದ ಓದುವವರು ಇದ್ದಾರಾ? ನೀರಿನ ಉದಾಹರಣೆಯನ್ನೇ ತಗೊಳ್ಳಿ. ಜಲಜೀವನ್ ಮಿಷನ್ ಕಾಮಗಾರಿಯನ್ನು ಸಾಮಾನ್ಯವಾಗಿ ಗ್ರಾಮೀಣ ಕುಡಿಯುವ ನೀರಿನ ಇಲಾಖೆ ಮಾಡಿಸುತ್ತದೆ, ಆಮೇಲೆ ಪಂಚಾಯತ್‌ಗೆ ಹಸ್ತಾಂತರ ಮಾಡುತ್ತದೆ. ಇದು ಗೊತ್ತಿಲ್ಲದೆ "ಪಿಡಿಒ ನುಂಗಿದರು" ಅಂತ ಬರೆದರೆ, ಬಿಲ್ಲಿಗೆ ಸಹಿಯೇ ಹಾಕದ ಒಬ್ಬರ ಮಾನ ಹೋಗುತ್ತದೆ. ಪೈಪು ಹಾಕಿದ್ದು ನಿಜವೇ ಇರಬಹುದು, ಬೋರ್‌ವೆಲ್ ಬತ್ತಿರಬಹುದು. ಇದನ್ನು ಕೇಳುವ ಒಬ್ಬ ಸಂಪಾದಕ ಇದ್ದರೆ ಬರಹ ಉಳಿಯುತ್ತದೆ.

ಉಳಿದದ್ದು ಸಮಯ, ದುಡ್ಡು, ಮತ್ತು ಯಾರು ಓದಬೇಕು ಅನ್ನುವುದು. ನಳ್ಳಿ ನೀರಿನ ಸುದ್ದಿಯನ್ನು ಬೆಂಗಳೂರಿನಲ್ಲಿ ಲಕ್ಷ ಜನ ನೋಡುವುದಕ್ಕಿಂತ ಜಿಲ್ಲಾ ಪಂಚಾಯತ್ ಸಿಇಒ ಮತ್ತು ಆ ವಾರ್ಡಿನ ಇನ್ನೂರು ಮನೆಯವರು ಓದಿದರೆ ಕೆಲಸ ಆಗುತ್ತದೆ. ಈಗ ಒಂದೊಂದೇ ದಾರಿ ನೋಡೋಣ.

ಪತ್ರಿಕೆಯ ದಾರಿ

ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ನಮ್ಮ ಮಂಗಳೂರಿನಲ್ಲೇ. 1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಮಂಗಳೂರ ಸಮಾಚಾರ ಹೊರತಂದರು. ಅಲ್ಲಿಂದ ಇಲ್ಲಿಯವರೆಗೆ ಕರಾವಳಿಯ ಓದುಗರಿಗೆ ಬೆಳಿಗ್ಗೆ ಪತ್ರಿಕೆ ಬೇಕೇ ಬೇಕು. ಇವತ್ತಿಗೂ ಒಬ್ಬ ತಹಶೀಲ್ದಾರರು ಫೇಸ್‌ಬುಕ್ ಪೋಸ್ಟಿಗಿಂತ ಸ್ಥಳೀಯ ಪುಟದ ಎರಡು ಕಾಲಂ ಸುದ್ದಿಗೆ ಬೇಗ ಓಗೊಡುತ್ತಾರೆ. ಆ ಪುಟದ ಕಟಿಂಗ್ ಕಡತಕ್ಕೆ ಸೇರುತ್ತದೆ, ಮೇಲಿನವರು ವಿವರಣೆ ಕೇಳುತ್ತಾರೆ.

ಪತ್ರಿಕೆಯ ದಾರಿಯಲ್ಲೂ ಮೂರು ಬಗೆ. ಒಂದು, ನಿಮ್ಮಲ್ಲಿರುವುದನ್ನೆಲ್ಲ ಒಬ್ಬ ವರದಿಗಾರರಿಗೆ ಒಪ್ಪಿಸಿ ನೀವು ಹಿಂದೆ ಸರಿಯುವುದು. ಇನ್ನೊಂದು, ನೀವೇ ಬಿಡಿ ಸುದ್ದಿಗಾರರಾಗಿ ಸೇರುವುದು. ಮೂರನೆಯದು ವಾಚಕರ ವಾಣಿಗೆ ಪತ್ರ ಬರೆಯುವುದು, ಅದನ್ನು ಸಣ್ಣದು ಅಂತ ತಳ್ಳಿಹಾಕಬೇಡಿ, ಬೀದಿದೀಪ, ರಸ್ತೆ ಗುಂಡಿ, ಬಸ್ ಟ್ರಿಪ್ ತಪ್ಪಿಸುವುದು, ಇಂಥವಕ್ಕೆ ಅದಕ್ಕಿಂತ ಸುಲಭದ ದಾರಿ ಇಲ್ಲ.

ವರದಿಗಾರರಿಗೆ ಕೊಟ್ಟರೆ ಲಾಭ ಏನು? ಅಲ್ಲಿ ಸಂಪಾದಕರಿದ್ದಾರೆ, ವಕೀಲರಿದ್ದಾರೆ, ನೋಟಿಸ್ ಬಂದರೆ ಉತ್ತರ ಕೊಡುವವರಿದ್ದಾರೆ. ನಿಮ್ಮ ಹೆಸರು ಹೊರಗೆ ಬರುವುದಿಲ್ಲ. ಖರ್ಚು ಸೊನ್ನೆ. ಕಷ್ಟ ಏನೆಂದರೆ ಸುದ್ದಿ ಇನ್ನು ನಿಮ್ಮ ಕೈಯಲ್ಲಿಲ್ಲ. ಜಾಗ ಸಿಗದೆ ನಾಲ್ಕು ಸಾಲಿಗೆ ಇಳಿಯಬಹುದು. ಆರೋಪಿತ ಕಂಪನಿ ಪತ್ರಿಕೆಗೆ ದೊಡ್ಡ ಜಾಹೀರಾತು ಕೊಡುವವರಾದರೆ ಮೇಜಿನ ಡ್ರಾಯರಿನಲ್ಲಿ ಕೂರಬಹುದು. ಹಾಗಾಗಿ ಕೊಡುವಾಗಲೇ ನೇರವಾಗಿ ಕೇಳಿ: ಎಷ್ಟು ದಿನದಲ್ಲಿ ತೀರ್ಮಾನ ಹೇಳುತ್ತೀರಿ? ಇನ್ನೊಬ್ಬರಿಗೆ ಕೊಡಬಹುದಾ? ಮೂಲ ಪ್ರತಿ ಕೊಡಬೇಡಿ, ನಕಲು ಕೊಡಿ.

ಬಿಡಿ ಸುದ್ದಿಗಾರರಾಗುವ ಬಗ್ಗೆ ನನಗೆ ಎರಡು ಮನಸ್ಸು. ಕಲಿಯಲು ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಗ್ರಾಮಸಭೆ, ಪೊಲೀಸ್ ಠಾಣೆ, ಧಕ್ಕೆ (ಮೀನುಗಾರಿಕೆ ಬಂದರು), ಎಪಿಎಂಸಿ ಎಲ್ಲ ಸುತ್ತಿ ಬರುತ್ತೀರಿ, ಯಾರು ಏನು ಅಂತ ತಿಳಿಯುತ್ತದೆ. ಆದರೆ ಸುದ್ದಿಗೆ ಸಿಗುವ ಸಂಭಾವನೆಯಿಂದ ಪೆಟ್ರೋಲ್ ಖರ್ಚು ಹುಟ್ಟುವುದೂ ಕಷ್ಟ, ಎಷ್ಟೋ ಕಡೆ ಹಬ್ಬದ ಪುರವಣಿಗೆ, ಜಾತ್ರೆಯ ವಿಶೇಷಕ್ಕೆ ಜಾಹೀರಾತು ತರುವ ಕೆಲಸವೂ ಅದೇ ಸುದ್ದಿಗಾರರ ಹೆಗಲಿಗೆ ಬೀಳುತ್ತದೆ. ಬೆಳಿಗ್ಗೆ ಯಾರ ಮೇಲೆ ತನಿಖೆ ಮಾಡಬೇಕೋ, ಮಧ್ಯಾಹ್ನ ಅವರ ಬಳಿಯೇ ಹೋಗಿ ಶುಭಾಶಯದ ಜಾಹೀರಾತು ಕೇಳಬೇಕು. ಇದು ಆ ಸುದ್ದಿಗಾರರ ತಪ್ಪಲ್ಲ, ಆದರೆ ತನಿಖಾ ವರದಿಯ ಕುತ್ತಿಗೆ ಹಿಸುಕುವುದು ಇದೇ. ಸೇರುವ ಮೊದಲು ಜಾಹೀರಾತಿನ ಗುರಿ ಇದೆಯಾ ಅಂತ ಕೇಳಿ. ಇದೆ ಅಂದರೆ ಸುತ್ತಮುತ್ತಲ ಹಣವಂತರ ಬಗ್ಗೆ ಅಲ್ಲಿ ಬರೆಯಲು ಆಗುವುದಿಲ್ಲ ಅಂತ ತಿಳಿದೇ ಸೇರಿ.

ಪತ್ರಿಕೆ ಮನಸ್ಸು ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. ಮಣಿಪಾಲದ ಉದಯವಾಣಿ 'ಕುಗ್ರಾಮ ಗುರುತಿಸಿ' ಅಂತ ಓದುಗರನ್ನೇ ಕೇಳಿ, ಅವರು ತೋರಿಸಿದ ಹಳ್ಳಿಗಳಿಗೆ ವರದಿಗಾರರನ್ನು ಕಳಿಸಿತ್ತು. 1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟರು ಜನರಿಂದ ಷೇರು ಹಣ ಸಂಗ್ರಹಿಸಿ ಮಂಗಳೂರಿನಿಂದ ಮುಂಗಾರು ಪತ್ರಿಕೆ ಕಟ್ಟಿದರು, ಹೊಸ ಹುಡುಗರ ಒಂದು ತಲೆಮಾರನ್ನೇ ಬೆಳೆಸಿದರು. ಕೊನೆಗೆ ಅದು ಹಣದ ಕಷ್ಟಕ್ಕೆ ಸಿಕ್ಕಿ ನಿಂತಿತು. ಹಂಗಿಲ್ಲದ ಪತ್ರಿಕೆ ನಡೆಸಲು ಎಷ್ಟು ಹಣ ಬೇಕು ಅನ್ನುವುದನ್ನು ಈ ಊರು ಕಣ್ಣಾರೆ ಕಂಡಿದೆ.

ಇನ್ನೊಂದು ಲಾಭವನ್ನು ಮರೆಯಬಾರದು. ಪತ್ರಿಕೆ ತಪ್ಪು ಬರೆದರೆ ದೂರು ಕೊಡಲು ಜಾಗ ಇದೆ. ಮೊದಲು ಸಂಪಾದಕರಿಗೆ ಬರೆಯಬೇಕು, ಸರಿಯಾಗದಿದ್ದರೆ ಪ್ರಕಟವಾದ 2 ತಿಂಗಳೊಳಗೆ ಪ್ರೆಸ್ ಕೌನ್ಸಿಲ್‌ಗೆ. ಕೌನ್ಸಿಲ್ ದಂಡ ಹಾಕಲಾರದು, ಛೀಮಾರಿ ಹಾಕಬಹುದು ಅಷ್ಟೇ. ಆದರೂ ಸುದ್ದಿಯಲ್ಲಿ ಹೆಸರು ಬಂದವರಿಗೆ ಅದೊಂದು ಬಾಗಿಲು. ಟಿವಿ ಮತ್ತು ಯೂಟ್ಯೂಬ್ ಪ್ರೆಸ್ ಕೌನ್ಸಿಲ್ ವ್ಯಾಪ್ತಿಗೆ ಬರುವುದಿಲ್ಲ.

ಸ್ವಂತ ಬ್ಲಾಗ್

ಇದಕ್ಕೆ ದುಡ್ಡು ಬಹಳ ಬೇಡ. ಬ್ಲಾಗರ್, ವರ್ಡ್‌ಪ್ರೆಸ್ ಎರಡರಲ್ಲೂ ಉಚಿತವಾಗಿ ಶುರು ಮಾಡಬಹುದು, ಸ್ವಂತ ಹೆಸರಿನ ವಿಳಾಸ ಬೇಕೆಂದರೆ ವರ್ಷಕ್ಕೆ ಸಾವಿರ ರೂಪಾಯಿ ಆಸುಪಾಸು. ಬೇಕಾಗುವುದು ಸಮಯ ಮತ್ತು ಹಠ.

ಬ್ಲಾಗ್ ಯಾವಾಗ ಚೆನ್ನಾಗಿ ಕೆಲಸ ಮಾಡುತ್ತದೆ ಅಂದರೆ, ವಿಷಯ ಒಂದೇ ಇದ್ದು ಅದು ವರ್ಷಗಟ್ಟಲೆ ಎಳೆಯುವಂಥದ್ದಾದಾಗ. ಎಂಡೋಸಲ್ಫಾನ್ ಕಥೆ ನೆನಪಿಸಿಕೊಳ್ಳಿ. ನಮ್ಮ ಗಡಿಯಾಚೆಯ ಕಾಸರಗೋಡು ಜಿಲ್ಲೆಯ ಪಡ್ರೆಯಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಿಂದ ವಿಷ ಸಿಂಪಡಿಸುತ್ತಿದ್ದಾಗ, ಊನವಾಗಿ ಹುಟ್ಟುವ ಕರುಗಳ ಬಗ್ಗೆ ಮೊದಲು ಬರೆದವರು ಅದೇ ಊರಿನ ಕೃಷಿಕ ಪತ್ರಕರ್ತ ಶ್ರೀ ಪಡ್ರೆ, 1980ರ ಆಸುಪಾಸಿನಲ್ಲಿ. ವಾಣಿನಗರದ ವೈದ್ಯ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳನ್ನು ಗಮನಿಸಿ ಬರೆದಿಡುತ್ತಾ ಬಂದರು. ಬೆಳ್ತಂಗಡಿಯ ಕೊಕ್ಕಡ ಕಡೆಯೂ ಇದೇ ಕಥೆ. ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್ ನಿಲ್ಲಿಸಿದ್ದು 2011ರ ಮೇ ತಿಂಗಳಲ್ಲಿ. ನಡುವೆ ಮೂವತ್ತು ವರ್ಷ! ಆಗ ಬ್ಲಾಗ್ ಇರಲಿಲ್ಲ. ಆದರೆ ಇಂಥ ಕೆಲಸಕ್ಕೆ ಬೇಕಾದದ್ದು ಬ್ಲಾಗಿನಲ್ಲಿದೆ: ದಿನಾಂಕದ ಪ್ರಕಾರ ಜೋಡಿಸಿದ ಬರಹ, ಪಕ್ಕದಲ್ಲೇ ಪೂರ್ತಿ ದಾಖಲೆ, ಯಾರು ಯಾವಾಗ ಬಂದು ಹುಡುಕಿದರೂ ಸಿಗುವಂತೆ. ದಿನಪತ್ರಿಕೆಗೆ ಮೂರನೇ ದಿನ ಬೇರೆ ಸುದ್ದಿ ಬೇಕು. ಬ್ಲಾಗ್ ಬರೆಯುವವರಿಗೆ ಆ ಅವಸರ ಇಲ್ಲ.

ಪುತ್ತೂರಿನ ಅಡಿಕೆ ಪತ್ರಿಕೆ 'ಕೃಷಿಕರ ಕೈಗೆ ಲೇಖನಿ' ಅಂತ ಹೊರಟಿತು, ರೈತರೇ ತಮ್ಮ ಅನುಭವ ಬರೆದರು. ಗೊತ್ತಿರುವವರೇ ಬರೆಯುವುದರಲ್ಲಿ ಒಂದು ಬಲ ಇದೆ. ಕುಂದಾಪುರದ ಮಾಷ್ಟ್ರಿಗೆ ತಮ್ಮ ಗ್ರಾಮದ ಪ್ರತಿ ಸರ್ವೆ ನಂಬರ್ ಗೊತ್ತು, ಹೊರಗಿನ ವರದಿಗಾರರಿಗೆ ಅದು ಒಂದು ವಾರದಲ್ಲಿ ಬರುವುದಿಲ್ಲ.

ಆದರೆ ನೀವು ಒಬ್ಬರೇ. ಅನುಮಾನದಿಂದ ಓದುವ ಸಂಪಾದಕ ಇಲ್ಲ, ನೋಟಿಸ್ ಬಂದರೆ ನಿಮ್ಮ ಮನೆಯ ಬಾಗಿಲಿಗೇ ಬರುತ್ತದೆ. ಹಾಗಾಗಿ ಬ್ಲಾಗ್ ಆರಿಸುವವರು ಕೆಲವು ನಿಯಮ ತಾವೇ ಹಾಕಿಕೊಳ್ಳಬೇಕು. ಆರೋಪ ಬಂದವರಿಗೆ ಬರಹದಲ್ಲಿ ಪ್ರಶ್ನೆ ಕಳಿಸಿ, ಕನಿಷ್ಠ ಒಂದು ವಾರ ಕೊಡಿ, ಅವರ ಉತ್ತರವನ್ನು ಕತ್ತರಿಸದೆ ಹಾಕಿ. ಒಂದು ಸಲ ಫೋನ್ ಮಾಡಿ "ಪ್ರತಿಕ್ರಿಯೆಗೆ ಸಿಗಲಿಲ್ಲ" ಅಂತ ಬರೆಯುವುದು ನ್ಯಾಯ ಅಲ್ಲ. ತಪ್ಪು ಗೊತ್ತಾದರೆ ಸುಮ್ನೆ ಅಳಿಸಬೇಡಿ, ಮೇಲೆ ದಿನಾಂಕ ಹಾಕಿ ತಿದ್ದುಪಡಿ ಬರೆಯಿರಿ. ದಾಖಲೆ ಹೇಳಿದ್ದು ಯಾವುದು, ಜನ ಹೇಳಿದ್ದು ಯಾವುದು, ನಿಮ್ಮ ಅಭಿಪ್ರಾಯ ಯಾವುದು ಅಂತ ಓದುವವರಿಗೆ ಬೇರೆ ಬೇರೆಯಾಗಿ ಕಾಣಬೇಕು. ಗುತ್ತಿಗೆದಾರರು ನಿಮ್ಮ ದಾಯಾದಿ ಆಗಿದ್ದು ಜಾಗದ ತಕರಾರು ನಡೆಯುತ್ತಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ, ಇಲ್ಲದಿದ್ದರೆ ಆ ವಿಷಯ ಬೇರೆಯವರಿಗೆ ಬಿಡಿ.

ಯೂಟ್ಯೂಬ್, ಫೇಸ್‌ಬುಕ್ ಲೈವ್

ಕಣ್ಣಿಗೆ ಕಂಡರೆ ಮಾತ್ರ ನಂಬುವ ವಿಷಯಗಳಿವೆ. ರಾತ್ರಿ ಹೊಳೆಗೆ ಇಳಿಯುವ ದೋಣಿ, ಕಡಲಿಗೆ ಬೀಳುವ ಕಪ್ಪು ನೀರು, ಉದ್ಘಾಟನೆಯಾಗಿ ತಿಂಗಳಲ್ಲೇ ಕಿತ್ತುಹೋದ ಡಾಮರು. ಇಲ್ಲಿ ಎರಡು ನಿಮಿಷದ ವಿಡಿಯೊ ಹತ್ತು ಪುಟದ ಬರಹಕ್ಕಿಂತ ಬಲವಾದ ಸಾಕ್ಷಿ. ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ, ಎಡಿಟ್ ಮಾಡುವುದು ನಕಲಿನ ಮೇಲೆ. ಮುಂದೆ ನ್ಯಾಯಾಲಯಕ್ಕೆ ಕೊಡಬೇಕಾದರೆ 2023ರ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ.

ದುಡ್ಡು ಬರುತ್ತದೆ ಅನ್ನುವ ಆಸೆಯೇ ಇಲ್ಲಿ ಅಪಾಯ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು, ಜೊತೆಗೆ ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಆಗಬೇಕು. ಆ ಲೆಕ್ಕದ ಹಿಂದೆ ಬಿದ್ದ ಮೇಲೆ ದಿನಕ್ಕೊಂದು ವಿಡಿಯೊ ಬೇಕು, ತಂಬ್‌ನೇಲ್‌ನಲ್ಲಿ ಕೆಂಪು ಬಾಣ ಬೇಕು, "ಸ್ಫೋಟಕ" ಅನ್ನುವ ಪದ ಬೇಕು. ಅಳತೆ ಪುಸ್ತಕ ಓದಲು ಮೂರು ವಾರ ಕೂರುವವರಿಗೆ ಆ ಓಟ ಆಗುವುದಿಲ್ಲ.

2025ರ ಜುಲೈ ಮತ್ತು ಆಗಸ್ಟ್ ಇದನ್ನು ನಮ್ಮ ಜಿಲ್ಲೆಗೆ ಚೆನ್ನಾಗಿ ತೋರಿಸಿತು. ಧರ್ಮಸ್ಥಳ ಪ್ರಕರಣದ (ಅಲ್ಲಿ ಹಲವು ಶವಗಳನ್ನು ಹೂತಿದ್ದೆ ಅಂತ ಒಬ್ಬ ಕೊಟ್ಟ ದೂರು) ವೇಳೆ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು, ಎದುರು ಪಕ್ಷದ ವಾದ ಕೇಳುವ ಮೊದಲೇ, 8 ಸಾವಿರಕ್ಕೂ ಹೆಚ್ಚು ಲಿಂಕ್‌ಗಳನ್ನು ತೆಗೆಯಲು ಮಧ್ಯಂತರ ಆದೇಶ ಕೊಟ್ಟಿತು. ಕುಡ್ಲ ರ‍್ಯಾಂಪೇಜ್ ಎಂಬ ಯೂಟ್ಯೂಬ್ ಚಾನೆಲ್ ಹೈಕೋರ್ಟ್‌ಗೆ ಹೋಯಿತು, ಆಗಸ್ಟ್ 1ರಂದು ಆ ಆದೇಶ ರದ್ದಾಯಿತು. ಒಂದು ಸಣ್ಣ ಚಾನೆಲ್ ನಿಂತು ಹೋರಾಡಿದ್ದರಿಂದ ಎಲ್ಲರಿಗೂ ಅನುಕೂಲವಾಯಿತು, ಇದನ್ನು ಗೌರವದಿಂದಲೇ ಹೇಳಬೇಕು. ಅದೇ ಆಗಸ್ಟ್ ತಿಂಗಳಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ದೂರುದಾರನನ್ನೇ ಬಂಧಿಸಿತು. ಅಷ್ಟರೊಳಗೆ ಒಬ್ಬನ ಹೇಳಿಕೆಯನ್ನು ಸಾಬೀತಾದ ಸಂಗತಿಯ ಹಾಗೆ ದಿನವಿಡೀ ಓದಿದ ಚಾನೆಲ್‌ಗಳು ಎಷ್ಟಿದ್ದವು! ಹಾಗೆಯೇ ಪ್ರಶ್ನೆ ಕೇಳಿದವರನ್ನೆಲ್ಲ ದ್ರೋಹಿಗಳು ಅಂದ ಚಾನೆಲ್‌ಗಳೂ ಇದ್ದವು. "ಅವರು ಹೀಗೆ ಹೇಳಿದ್ದಾರೆ, ಇದಕ್ಕೆ ಇನ್ನೂ ದಾಖಲೆ ಸಿಕ್ಕಿಲ್ಲ" ಅನ್ನುವ ಒಂದು ವಾಕ್ಯ ಸೇರಿಸಿದ್ದರೆ ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ, ಅಲ್ವಾ?

ಕ್ಯಾಮೆರಾ ಹಿಡಿಯುವವರಿಗೆ ಇನ್ನೊಂದು ಪ್ರಶ್ನೆ ಇದೆ. 2012ರ ಜುಲೈ 28ರಂದು ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಮಾಡುತ್ತಿದ್ದ ಹುಡುಗ ಹುಡುಗಿಯರ ಮೇಲೆ ಗುಂಪು ದಾಳಿ ಮಾಡಿತು. ಅದನ್ನು ಚಿತ್ರೀಕರಿಸಿ ವರದಿ ಮಾಡಿದ ಟಿವಿ ವರದಿಗಾರ ನವೀನ್ ಸೂರಿಂಜೆ ಅವರನ್ನೂ ಪೊಲೀಸರು ಆ ನವೆಂಬರ್‌ನಲ್ಲಿ ಬಂಧಿಸಿದರು, 2013ರ ಮಾರ್ಚ್‌ವರೆಗೆ ಅವರು ಜೈಲಿನಲ್ಲಿದ್ದರು. ಮುಂದೆ ಸರ್ಕಾರ ಅವರ ಮೇಲಿನ ಪ್ರಕರಣ ಹಿಂತೆಗೆದುಕೊಳ್ಳಲು ತೀರ್ಮಾನಿಸಿತು. ಆ ದೃಶ್ಯ ಇಲ್ಲದಿದ್ದರೆ ನೈತಿಕ ಪೊಲೀಸ್‌ಗಿರಿ ಅಂದರೆ ಏನು ಅಂತ ದೇಶಕ್ಕೆ ಗೊತ್ತಾಗುತ್ತಿರಲಿಲ್ಲ. ಅದೇ ದೃಶ್ಯಗಳು ಟಿವಿಗಳಲ್ಲಿ ಮತ್ತೆ ಮತ್ತೆ ಓಡಿದಾಗ ಏಟು ತಿಂದ ಹುಡುಗಿಯರಿಗೆ ಏನಾಯಿತು ಅನ್ನುವುದನ್ನೂ ಕೇಳಬೇಕು. ನನ್ನ ನಿಲುವು ಇಷ್ಟು: ಪೊಲೀಸರಿಗೆ ಮೊದಲು ಫೋನ್, ಆಮೇಲೆ ರೆಕಾರ್ಡ್. ಹೊಡೆಯುವವರ ಮುಖ ತೋರಿಸಿ, ಹೊಡೆಸಿಕೊಂಡವರದ್ದು ಮಸುಕು ಮಾಡಿ. ಲೈವ್ ಮಾತ್ರ ಬೇಡ, ಲೈವ್‌ನಲ್ಲಿ ಮುಖ ಮಸುಕು ಮಾಡಲು ಸಮಯವೇ ಇರುವುದಿಲ್ಲ.

ಕಡಲ ತೀರದಲ್ಲಿ ಕೂತ ಜೋಡಿಯ ವಿಡಿಯೊ, ಬಸ್ಸಿನಲ್ಲಿ ಮಾತಾಡಿದ ಇಬ್ಬರ ಧರ್ಮ ಹೇಳುವ ವಿಡಿಯೊ, ಇವು ಯಾರು ಕಳಿಸಿದರೂ ಹಾಕಬೇಡಿ. ಅದರಲ್ಲಿ ಸುದ್ದಿ ಇಲ್ಲ. ಅದರಿಂದ ಹೊಡೆತ ಬೀಳುವುದು ನಿಮಗಲ್ಲ, ಆ ಮಕ್ಕಳಿಗೆ.

ಹೊರಗಿನ ಡಿಜಿಟಲ್ ತಾಣಗಳು

ಹಣದ ಮೊತ್ತ ದೊಡ್ಡದು, ವಿಷಯ ಒಂದು ಜಿಲ್ಲೆಗೆ ನಿಲ್ಲುವುದಿಲ್ಲ, ಇಲ್ಲಿನ ಪತ್ರಿಕೆಗಳು ಮುಟ್ಟಲು ಹಿಂಜರಿಯುತ್ತವೆ. ಆಗ ಹೊರಗೆ ನೋಡಬೇಕು. ಕನ್ನಡದಲ್ಲಿ ದಿ ಫೈಲ್ ಸರ್ಕಾರಿ ದಾಖಲೆಗಳನ್ನು ಇಟ್ಟುಕೊಂಡೇ ವರದಿ ಮಾಡುತ್ತದೆ, ತನಿಖಾ ಬರಹ ಕಲಿಯಬೇಕೆನ್ನುವವರು ಅದನ್ನು ನಿತ್ಯ ಓದಿದರೂ ಸಾಕು. ಪಿ. ಸಾಯಿನಾಥ್ 2014ರಲ್ಲಿ ಶುರು ಮಾಡಿದ 'ಪರಿ' ಹಳ್ಳಿಯ ಬದುಕಿನ ಬಗ್ಗೆ ನಿಧಾನದ, ಆಳದ ವರದಿಗಳನ್ನು ಹಾಕುತ್ತದೆ, ಕನ್ನಡದಲ್ಲೂ ಬರುತ್ತದೆ. ಮೀನುಗಾರ ಮಹಿಳೆಯರ ಸಾಲದ ಬಗ್ಗೆ, ಬೀಡಿ ಕಟ್ಟುವವರ ಕೂಲಿ ಬಗ್ಗೆ ಬರೆಯುವವರಿಗೆ ಒಳ್ಳೆಯ ಜಾಗ.

ಇಲ್ಲಿ ನಿಮ್ಮ ಬರಹವನ್ನು ಸಾಲು ಸಾಲಾಗಿ ಪ್ರಶ್ನೆ ಮಾಡುತ್ತಾರೆ. ಈ ಅಂಕಿ ಎಲ್ಲಿಂದ, ಈ ಮಾತು ರೆಕಾರ್ಡ್ ಆಗಿದೆಯಾ, ಇನ್ನೊಬ್ಬರು ಇದನ್ನು ಹೇಳುತ್ತಾರಾ. ಸುಸ್ತಾಗುತ್ತದೆ, ಆದರೆ ಬರಹ ಗಟ್ಟಿಯಾಗುತ್ತದೆ. ಕಷ್ಟ ಎಂದರೆ ಕಾಯುವುದು. ನೀವು ಕಳಿಸಿದ ವಿಷಯ ಒಪ್ಪಿಗೆಯಾಗಲು ವಾರಗಳು, ಪ್ರಕಟವಾಗಲು ತಿಂಗಳುಗಳು ಆಗಬಹುದು. ಓದುವವರು ದೂರದವರು, ಊರಿನ ಅಂಗಡಿಯಲ್ಲಿ ಚರ್ಚೆ ಆಗುವುದಿಲ್ಲ. ಕಳಿಸುವ ಮೊದಲು ಸಂಭಾವನೆ ಎಷ್ಟು, ಓಡಾಟದ ಖರ್ಚು ಯಾರದ್ದು, ಕೇಸು ಬಿದ್ದರೆ ನಿಮ್ಮ ಜೊತೆ ನಿಲ್ಲುತ್ತಾರಾ ಅಂತ ಇಮೇಲ್‌ನಲ್ಲೇ ಕೇಳಿ ಇಟ್ಟುಕೊಳ್ಳಿ. ಬಾಯಿಮಾತು ಬೇಡ.

ವಾಟ್ಸಾಪ್ ಗುಂಪು? ಬೇಡ ಮಾರಾಯ್ರೆ. ಒಮ್ಮೆ ಫಾರ್ವರ್ಡ್ ಆದದ್ದನ್ನು ತಿದ್ದಲು ಆಗುವುದಿಲ್ಲ, ಹಿಂದೆಗೆಯಲು ಆಗುವುದಿಲ್ಲ, ಮೂರನೇ ಗುಂಪಿಗೆ ಹೋಗುವಷ್ಟರಲ್ಲಿ ನಿಮ್ಮ ಮಾತಿಗೆ ಬೇರೆ ಯಾರದೋ ಬಾಲ ಅಂಟಿರುತ್ತದೆ. ಬೇರೆ ಕಡೆ ಪ್ರಕಟವಾದದ್ದರ ಲಿಂಕ್ ಹಂಚಲು ಮಾತ್ರ ಬಳಸಿ.

ಆಯ್ಕೆಯೇ ಇಲ್ಲದ ಒಂದು ಸಂದರ್ಭ

ವಿಷಯ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಆಗಿದ್ದರೆ ಮೇಲಿನ ಯಾವ ದಾರಿಯೂ ಮೊದಲ ದಾರಿ ಅಲ್ಲ. ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಿದ್ದವರು ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 23ನೇ ಸೆಕ್ಷನ್ ಮಗುವಿನ ಹೆಸರು, ಮನೆ, ಶಾಲೆ, ನೆರೆಹೊರೆ ಯಾವುದನ್ನೂ ಮಾಧ್ಯಮ ಹೇಳುವುದನ್ನು ತಡೆಯುತ್ತದೆ. "ಇಂಥ ಊರಿನ ಇಂಥ ಶಾಲೆಯ ಏಳನೇ ಕ್ಲಾಸಿನ ಹುಡುಗಿ" ಅಂದರೆ ಹೆಸರು ಹೇಳಿದಂತೆಯೇ. ಅತ್ಯಾಚಾರಕ್ಕೆ ಒಳಗಾದ ದೊಡ್ಡವರ ಗುರುತನ್ನೂ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಹೀಗೇ ಕಾಯುತ್ತದೆ. ಬರೆಯುವುದಾದರೆ ಪೊಲೀಸರು ಏನು ಮಾಡಿದರು, ಸಂಸ್ಥೆ ಹೇಗೆ ಮುಚ್ಚಿಹಾಕಿತು ಅನ್ನುವುದರ ಬಗ್ಗೆ ಬರೆಯಿರಿ, ಅದೂ ಸಂಪಾದಕರು ಮತ್ತು ವಕೀಲರು ಇರುವ ಪತ್ರಿಕೆಯ ಮೂಲಕ.

ಈಗ ಮೂವರಿಗೆ

ಕುಂದಾಪುರದ ಮಾಷ್ಟ್ರಿಗೆ ಬ್ಲಾಗ್ ಸರಿ. ಪಿಂಚಣಿ ಇದೆ, ಸಮಯ ಇದೆ, ಯಾರ ಜಾಹೀರಾತಿನ ಹಂಗೂ ಇಲ್ಲ. ಗ್ರಾಮಸಭೆಯ ನಡಾವಳಿ, ಉದ್ಯೋಗ ಖಾತ್ರಿಯ ಕೂಲಿ ಪಟ್ಟಿ, ವರ್ಷದ ಬಜೆಟ್, ಇವುಗಳಿಂದ ಶುರು ಮಾಡಲಿ. ಪ್ರತಿ ಬರಹವನ್ನೂ ಹಾಕುವ ಮೊದಲು ತಮ್ಮ ಜೊತೆ ಸದಾ ವಾದ ಮಾಡುವ ಒಬ್ಬ ಹಳೆಯ ಸಹೋದ್ಯೋಗಿಗೆ ಓದಿಸಲಿ, ಅವರೇ ಸಂಪಾದಕರು.

ಕೊಣಾಜೆಯ ಹುಡುಗಿ ಒಬ್ಬಳೇ ರಾತ್ರಿ ಹೊಳೆ ಬದಿಗೆ ಹೋಗುವುದು ಬೇಡ, ಇದರಲ್ಲಿ ನಾನು ರಾಜಿ ಆಗುವುದಿಲ್ಲ. ಮರಳಿನ ಸುದ್ದಿ ಹಗಲಲ್ಲೇ ಕಾಗದದಲ್ಲಿ ಸಿಗುತ್ತದೆ: ಗಣಿ ಇಲಾಖೆ ಎಷ್ಟು ಪರವಾನಗಿ ಕೊಟ್ಟಿದೆ, ಎಷ್ಟು ಟನ್, ಎಷ್ಟು ರಾಜಧನ ಬಂದಿದೆ, ಎಷ್ಟು ಕೇಸು ಹಾಕಿದ್ದಾರೆ. ಅದನ್ನು ಮಾಹಿತಿ ಹಕ್ಕಿನಲ್ಲಿ ತೆಗೆದು, ಹೊಳೆ ಬದಿಯ ಮನೆಯವರ ಕುಸಿದ ದಂಡೆ, ಉಪ್ಪಾದ ಬಾವಿಯ ಮಾತು ಸೇರಿಸಿ, ಹೊರಗಿನ ತಾಣಕ್ಕೆ ಕಳಿಸಲಿ. ವಿಡಿಯೊ ಬೇಕೇ ಬೇಕೆಂದರೆ ಅನುಭವ ಇರುವ ಒಬ್ಬ ವರದಿಗಾರರ ಜೊತೆ ಹೋಗಲಿ, ಇಬ್ಬರ ಹೆಸರಲ್ಲೂ ಬರಲಿ. ಪ್ರಕಟವಾದ ಬರಹ ಕೆಲಸ ಹುಡುಕುವಾಗಲೂ ಜೊತೆಗಿರುತ್ತದೆ.

ಕಾರ್ಕಳದವರಿಗೆ ಪತ್ರಿಕೆ. ಅವರಿಗೆ ಹೆಸರು ಬೇಡ, ನೀರು ಬೇಕು. ಕಡತ ಕೊಟ್ಟವರು ಅದೇ ಕಚೇರಿಯಲ್ಲಿ ಇನ್ನೂ ಕೆಲಸ ಮಾಡುತ್ತಿದ್ದಾರೆ, ಹಾಗಾಗಿ ಆ ಜೆರಾಕ್ಸ್ ಯಾರಿಗೂ ತೋರಿಸುವುದು ಬೇಡ. ಈ ವಾರ ನೀರಿನ ಇಲಾಖೆಗೆ ಒಂದು, ಪಂಚಾಯತ್‌ಗೆ ಒಂದು ಅರ್ಜಿ ಹಾಕಿ. ಉತ್ತರ ಬರುವವರೆಗೆ ಯಾವ ಮನೆಗೆ ಯಾವ ದಿನ ಎಷ್ಟು ಹೊತ್ತು ನೀರು ಬಂತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ, ಜಲಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್ ಬರಬೇಕು. ಎರಡೂ ಕೈಗೆ ಬಂದ ಮೇಲೆ ವರದಿಗಾರರ ಬಳಿ ಹೋಗಿ. ಹದಿನೈದು ದಿನ ಕಾದರೂ ಅವರಿಂದ ಉತ್ತರ ಬರದಿದ್ದರೆ ಇನ್ನೊಂದು ಪತ್ರಿಕೆ. ಅಲ್ಲೂ ಆಗದಿದ್ದರೆ ಮಾಷ್ಟ್ರ ಬ್ಲಾಗ್ ಅಷ್ಟರಲ್ಲಿ ಶುರುವಾಗಿರುತ್ತದೆ, ಅವರನ್ನು ಕೇಳಿ ನೋಡೋಣ.